ಮರುಭೂಮಿಯ ಹಿತ್ತಿಲಲ್ಲಿ ಕೋಳಿ, ಮೇಕೆ: ಮೊದಲು ನೀರಿನ ಲೆಕ್ಕ, ಆಮೇಲೆ ತಲೆಯ ಲೆಕ್ಕ

ಮಾನ್ಯರೇ,

ಮರುಭೂಮಿಯಲ್ಲಿ ಮನೆ ಮಾಡಿಕೊಂಡು, ಹಿತ್ತಿಲಲ್ಲಿ ಹತ್ತು ಕೋಳಿಯನ್ನೋ ಎರಡು ಮೇಕೆಯನ್ನೋ ಸಾಕಬೇಕೆಂದು ಹೊರಡುವವರು ಬಹುಪಾಲು ಒಂದೇ ಪ್ರಶ್ನೆಯಿಂದ ಆರಂಭಿಸುತ್ತಾರೆ: ಯಾವ ತಳಿ ತರೋಣ? ನನ್ನ ಮಟ್ಟಿಗೆ ಅದು ಮೂರನೆಯದಾಗಿ ಕೇಳಬೇಕಾದ ಪ್ರಶ್ನೆ. ಮೊದಲನೆಯದು, ವರ್ಷದ ಅತಿ ಬಿಸಿಯ ವಾರದಲ್ಲಿ ನೀರಿನ ಸರಬರಾಜು ನಿಂತುಹೋದರೆ ನಿಮ್ಮಲ್ಲಿ ಎಷ್ಟು ದಿನಕ್ಕಾಗುವ ನೀರು ಇರುತ್ತದೆ ಎಂಬುದು. ಎರಡನೆಯದು, ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಹಿತ್ತಿಲಲ್ಲಿ ನೆರಳು ಎಲ್ಲಿ ಬೀಳುತ್ತದೆ ಎಂಬುದು. ಈ ಎರಡಕ್ಕೆ ಉತ್ತರವಿಲ್ಲದವರಿಗೆ ಯಾವ ತಳಿಯೂ ಒಗ್ಗುವುದಿಲ್ಲ. ಉತ್ತರವಿದ್ದವರಿಗೆ ಸಾಧಾರಣ ನಾಟಿ ಕೋಳಿಯೂ ನಡೆಯುತ್ತದೆ. ಆದ್ದರಿಂದ ತಳಿಯ ವಿಚಾರ ಈ ಮಾತಿನಲ್ಲಿ ತಡವಾಗಿ ಬರುತ್ತದೆ, ಅದನ್ನು ಕೇಳಲೆಂದೇ ಬಂದವರು ಸ್ವಲ್ಪ ಸಹಿಸಿಕೊಳ್ಳಬೇಕು.

ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಮರುಭೂಮಿ ಎನ್ನುವುದು ವಾಡಿಕೆ. ಆದರೆ ಪ್ರಾಣಿ ಸಾಕುವವನಿಗೆ ಮಳೆಯ ಕೊರತೆಯೊಂದೇ ಮುಖ್ಯವಲ್ಲ. ತಡೆಯಿಲ್ಲದೆ ಸುರಿಯುವ ಬಿಸಿಲು, ಆ ಬಿಸಿಲನ್ನು ಹೀರಿ ಸಂಜೆಯವರೆಗೂ ಕಾವು ಉಗುಳುವ ನೆಲ, ಮೋಡವಿಲ್ಲದ ಆಕಾಶದಿಂದಾಗಿ ರಾತ್ರಿ ಒಮ್ಮೆಗೇ ಇಳಿಯುವ ಚಳಿ, ಇವು ಮೂರೂ ಒಂದೇ ದಿನದೊಳಗೆ ಬರುತ್ತವೆ. ಹಗಲಿಗೂ ರಾತ್ರಿಗೂ ನಡುವೆ 15ರಿಂದ 20 ಡಿಗ್ರಿಯ ಅಂತರವಿರುವುದು ಅಲ್ಲಿ ಅಪರೂಪವಲ್ಲ. ಇಂತಹ ನೆಲಕ್ಕೆ ನಾವು ತರುವ ಪ್ರಾಣಿಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಕೋಳಿಯ ಮೂಲಪುರುಷ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದು ಬಿದಿರು ಮೆಳೆಯ ಕೆಳಗೆ ಉದುರೆಲೆ ಕೆದಕಿ, ಕತ್ತಲಾದಾಗ ಕೊಂಬೆಯ ಮೇಲೆ ಕೂರುವ ಹಕ್ಕಿ. ಮೇಕೆಯ ಪೂರ್ವಜವಾದರೋ ಪಶ್ಚಿಮ ಏಷ್ಯಾದ ಒಣ ಬೆಟ್ಟಗಳ ಕಾಡುಮೇಕೆ. ಹಾಗಾಗಿ ಮೇಕೆ ಮರುಭೂಮಿಗೆ ಬಂದಾಗ ಅದಕ್ಕೆ ತವರಿನ ನೆನಪಾಗುತ್ತದೆ. ಕೋಳಿಗೆ ಮಾತ್ರ ನಾವು ಕಾಡಿನ ಒಂದು ತುಂಡನ್ನು ಕಟ್ಟಿಕೊಡಬೇಕಾಗುತ್ತದೆ. ಕೋಳಿ ಗೂಡು ಕಟ್ಟುವುದೆಂದರೆ ಮರುಭೂಮಿಯಲ್ಲಿ ಇಷ್ಟೇ.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈಯ ಸಹಜ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್; ಸುತ್ತಲಿನ ಗಾಳಿ 18ರಿಂದ 24 ಡಿಗ್ರಿಯೊಳಗಿದ್ದರೆ ಅದಕ್ಕೆ ಹಿತ. ಮೂವತ್ತರ ಆಸುಪಾಸಿಗೆ ಬಂದಾಗ ಅದು ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಕೊಕ್ಕು ತೆರೆದು ಏದುಸಿರು ಬಿಡತೊಡಗುತ್ತದೆ. ಜುಟ್ಟು ಮತ್ತು ಗದ್ದದ ಜೋಲುಗಳಿಗೆ ಹೆಚ್ಚು ರಕ್ತ ಹರಿಸಿ ಅಲ್ಲಿಂದ ಕಾವನ್ನು ಹೊರಹಾಕುತ್ತದೆ. ಈ ಏದುಸಿರನ್ನು ನಾವು ಬರಿಯ ದಣಿವೆಂದು ತಿಳಿಯುತ್ತೇವೆ. ವಾಸ್ತವವಾಗಿ ಅದು ಕೋಳಿಗೆ ಉಳಿದಿರುವ ಮುಖ್ಯ ತಂಪು ಯಂತ್ರ, ಮತ್ತು ಆ ಯಂತ್ರ ಓಡುವುದು ನೀರಿನಿಂದ. ಅದಕ್ಕೊಂದು ಬೆಲೆಯೂ ಇದೆ. ಬೇಗ ಬೇಗ ಉಸಿರು ಬಿಡುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗಿ ರಕ್ತ ಕ್ಷಾರವಾಗುತ್ತದೆ, ಮೊಟ್ಟೆಯ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟು ಮತ್ತು ಸುಣ್ಣದ ಅಂಶ ಸಿಗದೆ ಚಿಪ್ಪು ತೆಳುವಾಗುತ್ತದೆ. ಬೇಸಿಗೆಯಲ್ಲಿ ಕೈಗೆತ್ತಿಕೊಂಡರೆ ಒಡೆಯುವ ಮೊಟ್ಟೆ ಬಂದಾಗ ಎಲ್ಲರೂ ಮೇವಿನಲ್ಲಿ ಸುಣ್ಣ ಸಾಲದೆಂದು ಇನ್ನಷ್ಟು ಚಿಪ್ಪಿನ ಪುಡಿ ಹಾಕುತ್ತಾರೆ. ಬಹಳ ಸಲ ಸಾಲದಿರುವುದು ಸುಣ್ಣವಲ್ಲ, ತಂಪು.

ಮರುಭೂಮಿಯ ಒಣಗಾಳಿ ಇಲ್ಲಿ ಶತ್ರುವೂ ಹೌದು, ಮಿತ್ರನೂ ಹೌದು. ಗಾಳಿ ಒಣಗಿದ್ದಷ್ಟೂ ಉಸಿರಿನ ತೇವ ಬೇಗ ಆರುತ್ತದೆ, ಆದ್ದರಿಂದ ಕರಾವಳಿಯ ಜಿಗುಟು ಸೆಕೆಯ 36 ಡಿಗ್ರಿಯಲ್ಲಿ ಬೀಳುವ ಕೋಳಿ ಒಣಸೀಮೆಯ 40 ಡಿಗ್ರಿಯನ್ನು ನೆರಳಿನಲ್ಲಿ ತಾಳಿಕೊಳ್ಳಬಹುದು. ಆದರೆ ಆ ತಾಳಿಕೆ ನೀರಿನ ತಟ್ಟೆ ತುಂಬಿರುವ ತನಕ ಮಾತ್ರ. ಹಿತವಾದ ಹವೆಯಲ್ಲಿ ಒಂದು ಮೊಟ್ಟೆ ಕೋಳಿ ದಿನಕ್ಕೆ ಕಾಲು ಲೀಟರಿನಷ್ಟು ಕುಡಿದರೆ, ಕಡುಬೇಸಿಗೆಯಲ್ಲಿ ಅದು ಅರ್ಧ ಲೀಟರನ್ನು ಮುಟ್ಟುತ್ತದೆ. ಹತ್ತು ಕೋಳಿಗೆ 5 ಲೀಟರು. ಎರಡು ಮೇಕೆಗಳಿದ್ದರೆ, ತಲೆಗೆ 8 ಲೀಟರಿನಂತೆ ಇನ್ನೊಂದು 16. ಗೋಣಿ ತೋಯಿಸಲು, ನೆಲಕ್ಕೆ ಚಿಮುಕಿಸಲು, ತಟ್ಟೆ ತೊಳೆಯಲು 9 ಲೀಟರು ಇಟ್ಟುಕೊಂಡರೆ ದಿನಕ್ಕೆ 30 ಆಯಿತು, ವಾರಕ್ಕೆ 210. ಅಂದರೆ, ಒಂದು ವಾರ ನೀರು ಬಾರದಿದ್ದರೂ ಈ ಪುಟ್ಟ ಸಂಸಾರ ಉಳಿಯಬೇಕಾದರೆ ನೆರಳಿನಲ್ಲಿ ಮುಚ್ಚಿಟ್ಟ, 200 ಲೀಟರಿನ ತುಂಬಿದ ಡ್ರಮ್ಮೊಂದು, ಜೊತೆಗೆ 10 ಲೀಟರಿನ ಕೊಡವೊಂದು ಬರಿಯ ಆಪತ್ತಿಗೆಂದೇ ಇರಬೇಕು. ಈ ಲೆಕ್ಕವನ್ನು ಬೇಸಿಗೆಯ ಗರಿಷ್ಠಕ್ಕೆ ಹಾಕಬೇಕೇ ಹೊರತು ವರ್ಷದ ಸರಾಸರಿಗಲ್ಲ. ಸರಾಸರಿಯ ದಿನ ಯಾವ ಕೋಳಿಯೂ ಸಾಯುವುದಿಲ್ಲ.

ನೀರು ಇದ್ದರೆ ಸಾಲದು, ಅದು ಕುಡಿಯುವಂತಿರಬೇಕು. ನಾನೇ ಮಾಡಿದ ತಪ್ಪನ್ನು ಇಲ್ಲಿ ಹೇಳಿಕೊಳ್ಳುತ್ತೇನೆ. ಮೊದಲ ಬೇಸಿಗೆಯಲ್ಲಿ, ದಿನಕ್ಕೆ ಮೂರು ಸಲ ನೀರು ಹಾಕುವ ಕೆಲಸ ತಪ್ಪಲೆಂದು ತೊಟ್ಟಿಯಿಂದ ಗೂಡಿನವರೆಗೆ ಕಪ್ಪು ಪ್ಲಾಸ್ಟಿಕ್ ಪೈಪನ್ನು ನೆಲದ ಮೇಲೆಯೇ ಎಳೆದು, ತುದಿಗೆ ತಾನಾಗಿ ತುಂಬುವ ಬಟ್ಟಲು ಜೋಡಿಸಿ ಬಹಳ ಹೆಮ್ಮೆಪಟ್ಟಿದ್ದೆ. ಬಟ್ಟಲು ಸದಾ ತುಂಬಿರುತ್ತಿತ್ತು. ಮೂರನೆಯ ದಿನ ಸಂಜೆ ನಾಲ್ಕು ಹೇಂಟೆಗಳು ಬಟ್ಟಲಿನ ಪಕ್ಕದಲ್ಲೇ ಸತ್ತು ಬಿದ್ದಿದ್ದವು. ಬೆರಳಿಟ್ಟು ನೋಡಿದರೆ ನೀರು ಸ್ನಾನಕ್ಕೂ ಹೆಚ್ಚೆನಿಸುವಷ್ಟು ಬಿಸಿಯಾಗಿತ್ತು. ಕೋಳಿ ತನ್ನ ಮೈಗಿಂತ ಬಿಸಿಯಾದ ನೀರನ್ನು ಬಾಯಾರಿಕೆಯಲ್ಲೂ ಮುಟ್ಟದು, 25 ಡಿಗ್ರಿಗಿಂತ ಕೆಳಗಿನ ನೀರನ್ನು ಮನಸಾರೆ ಕುಡಿಯುತ್ತದೆ. ಪೈಪನ್ನು ಒಂದು ಮೊಳ ಆಳಕ್ಕೆ ಹೂತರೆ ಈ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಅದಕ್ಕಿಂತಲೂ ಸರಳವಾದದ್ದು, ಸುಟ್ಟ ಮಣ್ಣಿನ ಅಗಲ ಬಾಯಿಯ ಪಾತ್ರೆಗಳನ್ನು ನೆರಳಿನಲ್ಲಿ ಅರ್ಧ ಹೂತಿಡುವುದು. ಒಸರುವ ತೇವ ಆರುತ್ತಾ ಒಳಗಿನ ನೀರನ್ನು ತಂಪಾಗಿಡುತ್ತದೆ. ಪಾತ್ರೆ ಒಂದಕ್ಕಿಂತ ಹೆಚ್ಚಿರಬೇಕು, ಏಕೆಂದರೆ ಬಲಿಷ್ಠ ಹೇಂಟೆ ಒಂದೇ ಪಾತ್ರೆಯನ್ನು ಕಾದು ಕೂತು ಉಳಿದವನ್ನು ಅಟ್ಟುತ್ತದೆ.

ಇನ್ನು ನೀರಿನ ಉಪ್ಪು. ಒಣಸೀಮೆಯ ಕೊಳವೆಬಾವಿಯ ನೀರು ಅನೇಕ ಕಡೆ ಸವಳು. ಲೀಟರಿಗೆ 1000 ಮಿಲಿಗ್ರಾಮಿಗಿಂತ ಕಡಿಮೆ ಲವಣವಿದ್ದರೆ ಯಾವ ಪ್ರಾಣಿಗೂ ತೊಂದರೆಯಿಲ್ಲ. 3000 ಸಮೀಪಿಸಿದಂತೆ ಕೋಳಿಯ ಹಿಕ್ಕೆ ನೀರಾಗುತ್ತದೆ. 5000 ದಾಟಿದ ನೀರು ಕೋಳಿಗೆ ಸಲ್ಲದು. ಅದೇ ನೀರನ್ನು ಕುರಿ, ಮೇಕೆಗಳು, ನಿಧಾನವಾಗಿ ರೂಢಿ ಮಾಡಿಸಿದರೆ, 7000ದವರೆಗೂ ತಾಳಿಕೊಳ್ಳುತ್ತವೆ. ಹೀಗಾಗಿ ನೀರಿನ ಪರೀಕ್ಷೆಯ ಒಂದು ಹಾಳೆ ಕೆಲವೊಮ್ಮೆ ನೀವು ಕೋಳಿ ಸಾಕಬೇಕೋ ಮೇಕೆ ಸಾಕಬೇಕೋ ಎಂಬುದನ್ನು ನಿಮಗಿಂತ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ನೆರಳಿಗೆ ಬರೋಣ. ಗೂಡಿನ ಉದ್ದ ಪೂರ್ವ ಪಶ್ಚಿಮವಾಗಿ ಇರಬೇಕು. ಆಗ ಬೆಳಗಿನ ಮತ್ತು ಇಳಿಹೊತ್ತಿನ ಓರೆ ಬಿಸಿಲು ಕಿರಿದಾದ ಎರಡು ಗೋಡೆಗಳಿಗಷ್ಟೇ ಬಡಿಯುತ್ತದೆ. ಆ ಎರಡನ್ನು ದಪ್ಪ ಮಣ್ಣಿನಿಂದ ಕಟ್ಟಿ, ಉದ್ದದ ಬದಿಗಳನ್ನು ತಂತಿ ಜಾಲರಿಯಿಂದ ತೆರೆದಿಡುವುದು ಒಳ್ಳೆಯ ಕ್ರಮ. ಬರಿಯ ತಗಡಿನ ಮಾಡು ತಗ್ಗಾಗಿದ್ದರೆ ಅದು ಮಾಡಲ್ಲ, ಕಾವಲಿ. ತಗಡೇ ಗತಿಯೆಂದಾದರೆ ಅದನ್ನು ಎತ್ತರಿಸಿ, ಮೇಲೆ ಸುಣ್ಣ ಬಳಿದು, ಒಂದು ಗೇಣು ಬಿಟ್ಟು ಸೋಗೆಯ ಅಥವಾ ಹುಲ್ಲಿನ ಎರಡನೆಯ ಹೊದಿಕೆ ಹಾಕಬೇಕು; ಎರಡರ ನಡುವೆ ಗಾಳಿ ಓಡಾಡುವುದೇ ಅದರ ಗುಟ್ಟು. ಗಾಳಿ ಬೀಸುವ ಬದಿಗೆ ತೋಯಿಸಿದ ಗೋಣಿತಟ್ಟು ಇಳಿಬಿಟ್ಟರೆ, ಒಣಗಾಳಿಯಲ್ಲಿ ಅದು ಒಳಗಿನ ಬಿಸಿಯನ್ನು ಹಲವು ಡಿಗ್ರಿ ಇಳಿಸಬಲ್ಲದು. ಮೂಲೆಯೊಂದರಲ್ಲಿ ಮರಳನ್ನು ನೆನೆಸಿಟ್ಟರೆ ಕೋಳಿಗಳು ಅದನ್ನು ಕೆದಕಿ ಹೊಟ್ಟೆಯಾನಿಸಿ ಮಲಗುವುದನ್ನು ನೋಡಬಹುದು. ಒಳಗೆ ತಲೆಗೆ 4 ಚದರ ಅಡಿಗಿಂತ ಕಡಿಮೆ ಜಾಗ ಕೊಡಬಾರದು, ಏಕೆಂದರೆ ಪಕ್ಕದಲ್ಲಿ ಕೂತ ಕೋಳಿಯೂ ಒಂದು ಒಲೆಯೇ. ರಾತ್ರಿ ಎಲ್ಲವನ್ನೂ ಮುಚ್ಚಿ ಭದ್ರಪಡಿಸುವ ಅಭ್ಯಾಸ ಬೇಸಿಗೆಯಲ್ಲಿ ತಪ್ಪು. ಹಗಲಿನ ದಣಿವನ್ನು ಹಕ್ಕಿ ಕಳೆದುಕೊಳ್ಳುವುದೇ ರಾತ್ರಿಯ ತಂಗಾಳಿಯಲ್ಲಿ. ಜಾಲರಿ ಅರ್ಧ ಇಂಚಿನ ಕಣ್ಣಿನದಾಗಿದ್ದು, ಒಂದು ಅಡಿ ನೆಲದೊಳಗೂ ಇಳಿದಿದ್ದರೆ ನರಿ, ಮುಂಗುಸಿ, ಹಾವು ಮತ್ತು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಾಯಿ ಹೊರಗೇ ಉಳಿಯುತ್ತವೆ.

ಮಣ್ಣಿನ ಗೋಡೆಯನ್ನು ಹೊಗಳಿದ ಬಾಯಿಂದಲೇ ಅದರ ಒಂದು ಕೇಡನ್ನೂ ಹೇಳಬೇಕು. ಒಣಸೀಮೆಯ ಕೋಳಿಗಳ ನಿಜವಾದ ಕಳ್ಳ ನರಿಯಲ್ಲ, ಆರ್ಗಸ್ ಪರ್ಸಿಕಸ್ ಎಂಬ ಕೋಳಿ ಉಣ್ಣಿ. ಈ ಚಪ್ಪಟೆ ಜೀವಿ ಹಗಲೆಲ್ಲ ಗೋಡೆಯ ಬಿರುಕಿನಲ್ಲಿ, ಕೋಳಿ ಕೂರುವ ಗಳದ ತೊಗಟೆಯ ಸಂದಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಬಂದು ಅರ್ಧ ಗಂಟೆ ರಕ್ತ ಹೀರಿ ಮರಳಿ ಬಿರುಕು ಸೇರುತ್ತದೆ. ಹಗಲಲ್ಲಿ ಕೋಳಿಯನ್ನು ಹಿಡಿದು ಪರೀಕ್ಷಿಸಿದವನಿಗೆ ಏನೂ ಕಾಣುವುದಿಲ್ಲ. ಹೆಚ್ಚೆಂದರೆ ರೆಕ್ಕೆಯ ಕೆಳಗೆ ಅದರ ಮರಿಹುಳುಗಳು ಸಿಕ್ಕಾವು. ಜುಟ್ಟು ಬಿಳಿಚಿ, ಮೊಟ್ಟೆ ನಿಂತು, ಹಕ್ಕಿ ಸೊರಗುತ್ತಾ ಹೋಗುತ್ತದೆ. ರಕ್ತದ ನಷ್ಟದ ಜೊತೆಗೆ ಸ್ಪೈರೊಕೀಟ್ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾದ ಜ್ವರವನ್ನೂ ಅದು ಹರಡುತ್ತದೆ. ಗೂಡನ್ನು ಆರು ತಿಂಗಳು ಖಾಲಿ ಬಿಟ್ಟರೆ ಉಪವಾಸದಿಂದ ಸತ್ತೀತೆಂದು ಕಾಯುವುದೂ ವ್ಯರ್ಥ, ಬಲಿತ ಉಣ್ಣಿ ರಕ್ತವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲದು. ಆದ್ದರಿಂದ ವರ್ಷಕ್ಕೆರಡು ಬಾರಿ ಬಿರುಕುಗಳನ್ನೆಲ್ಲ ಮೆತ್ತಿ ಸುಣ್ಣ ಸಾರಿಸುವುದು, ತೊಗಟೆ ಕೆತ್ತಿ ನುಣುಪು ಮಾಡಿದ ಗಳಗಳನ್ನು ಗೋಡೆಗೆ ತಾಗದಂತೆ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸುವುದು ಅವಶ್ಯ. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಗಳದ ಅಡಿಭಾಗವನ್ನು ನೋಡುವ ಅಭ್ಯಾಸವಿದ್ದವನಿಗೆ ಅರ್ಧ ರೋಗ ಮೊದಲೇ ತಿಳಿಯುತ್ತದೆ.

ಮೇವಿನಲ್ಲಿ ಏನು ಹಾಕುತ್ತೀರಿ ಎಂಬುದಕ್ಕಿಂತ ಯಾವಾಗ ಹಾಕುತ್ತೀರಿ ಎಂಬುದು ಬೇಸಿಗೆಯಲ್ಲಿ ಮುಖ್ಯವಾಗುತ್ತದೆ. ತಿಂದ ಕಾಳು ಜೀರ್ಣವಾಗುವಾಗ ಮೈಯೊಳಗೆ ಕಾವು ಹುಟ್ಟುತ್ತದೆ, ಆ ಕಾವು ತಿಂದ ನಾಲ್ಕರಿಂದ ಆರು ಗಂಟೆಗಳ ನಂತರ ಏರುಮಟ್ಟ ಮುಟ್ಟುತ್ತದೆ. ಬೆಳಿಗ್ಗೆ ಹತ್ತಕ್ಕೆ ಹೊಟ್ಟೆ ತುಂಬಿಸಿಕೊಂಡ ಕೋಳಿಗೆ ಒಳಗಿನ ಬೆಂಕಿಯೂ ಹೊರಗಿನ ಬೆಂಕಿಯೂ ಮಧ್ಯಾಹ್ನ ಎರಡಕ್ಕೆ ಒಂದಾಗುತ್ತವೆ. ಬೆಳಕು ಹರಿಯುವ ಮೊದಲೇ ಒಮ್ಮೆ, ಬಿಸಿಲಿಳಿದ ಮೇಲೆ ಒಮ್ಮೆ ಮೇವು ಹಾಕಿ, ನಡುಹೊತ್ತಿನಲ್ಲಿ ನೀರಷ್ಟನ್ನೇ ಬಿಡುವುದು ಸರಿ. ಚಿಪ್ಪಿನ ಪುಡಿ ಸಂಜೆಯ ಮೇವಿನೊಂದಿಗೆ ಹೋಗಲಿ, ಏಕೆಂದರೆ ಚಿಪ್ಪು ಬಹುಪಾಲು ಕಟ್ಟುವುದು ರಾತ್ರಿಯಲ್ಲಿ. ಕೋಳಿ ತೀರಾ ಬಸವಳಿದು ಕತ್ತು ಇಳಿಬಿಟ್ಟಿದ್ದರೆ ಐಸು ನೀರಲ್ಲಿ ಮುಳುಗಿಸಬಾರದು. ಸಾಧಾರಣ ತಂಪಿನ ನೀರಲ್ಲಿ ಕಾಲುಗಳನ್ನೂ ಹೊಟ್ಟೆಯನ್ನೂ ನೆನೆಸಿ, ಗಾಳಿಯಾಡುವ ನೆರಳಲ್ಲಿ ಬಿಡಬೇಕು.

ಈಗ ತಳಿ. ಭಾರದ ಮಾಂಸದ ಕೋಳಿಗಳು ಈ ಹವೆಗೆ ಬೇಡ. ಹಗುರ ಮೈ, ದೊಡ್ಡ ಜುಟ್ಟು, ಕಡಿಮೆ ಪುಕ್ಕ, ಇವು ಮೂರು ನೋಡಬೇಕಾದ ಲಕ್ಷಣಗಳು. ಈಜಿಪ್ಟಿನ ಫಾಯೂಮ್ ಪ್ರಾಂತ್ಯದ ಫಾಯೂಮಿ ಕೋಳಿ ಚುರುಕಾದದ್ದು, ರೋಗಕ್ಕೆ ಗಟ್ಟಿ, ಬೇಗ ಮೊಟ್ಟೆಗೆ ಬರುತ್ತದೆ; ಮೊಟ್ಟೆ ಚಿಕ್ಕದು, ಸ್ವಭಾವ ಬೆದರು. ಬಿಳಿ ಲೆಗಾರ್ನ್ ಹೆಚ್ಚು ಮೊಟ್ಟೆ ಕೊಡುತ್ತದೆ, ಹಿತ್ತಿಲ ಒರಟು ಬಾಳು ಅದಕ್ಕೆ ಅಷ್ಟಾಗಿ ಹಿಡಿಸದು. ಕತ್ತಿನಲ್ಲಿ ಗರಿಯೇ ಇಲ್ಲದ ಬೋಳುಕತ್ತಿನ ಕೋಳಿಯನ್ನು ಕಂಡು ನಗುವವರುಂಟು. ಆದರೆ ಆ ಬೋಳುತನಕ್ಕೆ ಕಾರಣವಾದ ಒಂದೇ ಒಂದು ವಂಶವಾಹಿ ಮೈಯ ಒಟ್ಟು ಪುಕ್ಕವನ್ನು, ತಂದೆ ಅಥವಾ ತಾಯಿ ಒಬ್ಬರಿಂದಲೇ ಬಂದಿದ್ದರೆ ಸುಮಾರು 20%, ಇಬ್ಬರಿಂದಲೂ ಬಂದಿದ್ದರೆ 40%ರಷ್ಟು ತಗ್ಗಿಸುತ್ತದೆ. ಅಂದಕ್ಕೆ ಸೋತರೂ ಬಿಸಿಲಿಗೆ ಗೆಲ್ಲುವ ಹಕ್ಕಿ ಅದು, ನನ್ನ ಮತ ಅದಕ್ಕೇ. ಯಾವ ತಳಿಯಾದರೂ ಸರಿ, ಚಳಿಗಾಲದ ಆರಂಭದಲ್ಲಿ ತನ್ನಿ, ಬಿಸಿಲು ಮೆಲ್ಲಗೆ ಏರುವಾಗ ಅದರೊಂದಿಗೆ ಹಕ್ಕಿಯೂ ಒಗ್ಗಿಕೊಳ್ಳುತ್ತದೆ. ಮರಿಗಳನ್ನು ತಂದರೆ ರಾತ್ರಿಯ ಚಳಿಯನ್ನು ಮರೆಯಬಾರದು: ಮೊದಲ ವಾರ ಅವಕ್ಕೆ 32ರಿಂದ 35 ಡಿಗ್ರಿಯ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು.

ಮೇಕೆಯ ವಿಚಾರದಲ್ಲಿ ನಾನು ಇಷ್ಟು ಆತಂಕಪಡುವುದಿಲ್ಲ. ಸಿನಾಯ್ ಮರುಭೂಮಿಯ ಕಪ್ಪು ಮೇಕೆಗಳು ಎರಡರಿಂದ ನಾಲ್ಕು ದಿನಗಳಿಗೊಮ್ಮೆ ಮಾತ್ರ ನೀರು ಕಂಡು ಬಾಳುತ್ತವೆ. ನೀರು ಸಿಕ್ಕಾಗ ಕೆಲವೇ ನಿಮಿಷಗಳಲ್ಲಿ ತಮ್ಮ ತೂಕದ 40%ರಷ್ಟನ್ನು ಕುಡಿದುಬಿಡಬಲ್ಲವು. ಬೇರೆ ಅನೇಕ ಪ್ರಾಣಿಗಳಲ್ಲಾದರೆ ಅಷ್ಟು ನೀರು ಒಮ್ಮೆಗೇ ರಕ್ತಕ್ಕಿಳಿದು ರಕ್ತಕಣಗಳು ಒಡೆದುಹೋಗುತ್ತಿದ್ದವು. ಮೇಕೆಯಲ್ಲಿ ಮೆಲುಕಿನ ದೊಡ್ಡ ಹೊಟ್ಟೆಯೇ ತೊಟ್ಟಿಯಾಗಿ ನಿಂತು, ನೀರನ್ನು ಮೆಲ್ಲಮೆಲ್ಲಗೆ ಮೈಗೆ ಬಿಡುತ್ತದೆ. ಇದನ್ನು ಕೇಳಿದವರು ತಮ್ಮ ಹಾಲಿನ ಮೇಕೆಗೂ ದಿನ ಬಿಟ್ಟು ದಿನ ನೀರು ಕೊಟ್ಟರಾಯಿತು ಎಂದುಕೊಳ್ಳಬಾರದು. ಅದು ಬದುಕುವ ಸಾಮರ್ಥ್ಯ, ಹಾಲು ಕೊಡುವ ಸಾಮರ್ಥ್ಯವಲ್ಲ. ಹಾಲಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ 87 ಪಾಲು ನೀರೇ ಇರುವಾಗ, ಕೊಡದೆ ಪಡೆಯುವುದು ಹೇಗೆ?

ಮೇಕೆಗೆ ಮರುಭೂಮಿಯಲ್ಲಿ ಹಸಿರು ಹುಲ್ಲು ಹುಡುಕುವುದಕ್ಕಿಂತ ಬೇಲಿಯನ್ನೇ ಮೇವಾಗಿ ಬೆಳೆಸುವುದು ಜಾಣತನ. ಮುಳ್ಳಿಲ್ಲದ ಪಾಪಾಸುಕಳ್ಳಿಯ ಎಲೆಯಂತಹ ಹಾಳೆಗಳಲ್ಲಿ 85ರಿಂದ 90% ನೀರು. ಅದನ್ನು ಕೊಚ್ಚಿ ಹಾಕಿದರೆ ಮೇಕೆ ಕುಡಿಯುವ ನೀರು ಗಣನೀಯವಾಗಿ ತಗ್ಗುತ್ತದೆ. ಆದರೆ ಅದರಲ್ಲಿ ಪ್ರೋಟೀನು, ನಾರು ಎರಡೂ ಕಡಿಮೆ, ಅದನ್ನಷ್ಟೇ ತಿಂದ ಮೇಕೆಗೆ ಹೊಟ್ಟೆ ಸಡಿಲವಾಗುತ್ತದೆ. ಇನ್ನೊಂದೆಡೆ ಅಟ್ರಿಪ್ಲೆಕ್ಸ್ ಎಂಬ ಉಪ್ಪು ಪೊದೆ, ಸವಳು ನೆಲದಲ್ಲೂ ಬೆಳೆದು ಪ್ರೋಟೀನು ಕೊಡುತ್ತದೆ. ಅದರ ದೋಷವೆಂದರೆ ಎಲೆಯಲ್ಲಿನ ಉಪ್ಪು, ತಿಂದಷ್ಟೂ ಬಾಯಾರಿಕೆ. ಒಂದರ ದೋಷಕ್ಕೆ ಇನ್ನೊಂದೇ ಮದ್ದು: ಕಳ್ಳಿಯ ನೀರು ಪೊದೆಯ ಉಪ್ಪನ್ನು ತೊಳೆಯುತ್ತದೆ, ಪೊದೆಯ ಪ್ರೋಟೀನು ಕಳ್ಳಿಯ ಕೊರತೆ ತುಂಬುತ್ತದೆ, ಜೊತೆಗೊಂದು ಹಿಡಿ ಒಣಹುಲ್ಲು ನಾರಿಗೆ. ಟುನೀಸಿಯಾದ ಒಣಸೀಮೆಗಳಲ್ಲಿ ಈ ಜೋಡಿಯನ್ನು ಕುರಿ, ಮೇಕೆಗಳ ಮೇಲೆ ಚೆನ್ನಾಗಿ ಪರೀಕ್ಷಿಸಿ ನೋಡಿದ್ದಾರೆ. ನೆರಳೂ ಬೇಕು, ಮೇವೂ ಬೇಕು ಎನ್ನುವವರಿಗೆ ಬನ್ನಿ ಮರಕ್ಕೆ ಸಾಟಿಯಿಲ್ಲ. ಥಾರ್ ಮರುಭೂಮಿಯಲ್ಲಿ ಅದರ ಎಲೆಯೂ ಕಾಯಿಯೂ ಮೇಕೆಯ ಆಸರೆ. ಅದರ ಸೋದರ ಬಳ್ಳಾರಿ ಜಾಲಿಯ ಸಿಹಿಕಾಯಿಗಳನ್ನು ಮಾತ್ರ ಬೀಜಸಹಿತ ಇಡಿಯಾಗಿ ತಿನ್ನಿಸಬೇಡಿ. ಬೀಜ ಹಿಕ್ಕೆಯಲ್ಲಿ ಜೀವಂತ ಹೊರಬಿದ್ದು, ಕೆಲವೇ ವರ್ಷಗಳಲ್ಲಿ ಹಿತ್ತಿಲು ಮುಳ್ಳುಗಾಡಾಗುತ್ತದೆ. ಒಣಗಿಸಿ, ಪುಡಿ ಮಾಡಿ, ಇತರ ಮೇವಿನೊಡನೆ ಮಿತವಾಗಿ ಕೊಡಬಹುದು.

ಕುರಿ ಸಾಕುವವರಿಗೆ ಒಂದೇ ಮಾತು: ನಡುಬೇಸಿಗೆಯಲ್ಲಿ ಉಣ್ಣೆಯನ್ನು ಚರ್ಮಕ್ಕೆ ಹತ್ತಿ ಕತ್ತರಿಸಬೇಡಿ, ಒಂದು ಇಂಚಿನ ಉಣ್ಣೆ ಬಿಸಿಲಿಗೆ ಕೊಡೆ. ಮೊಲ ಬೇಕೆನ್ನುವವರನ್ನು ನಾನು ಸಾಮಾನ್ಯವಾಗಿ ತಡೆಯುತ್ತೇನೆ. 30 ಡಿಗ್ರಿ ದಾಟಿದರೆ ಅದು ಒದ್ದಾಡುತ್ತದೆ. ಬಿಸಿಯ ಅಲೆಯೊಂದು ಹಾದುಹೋದರೆ ಗಂಡು ಮೊಲ ಒಂದೂವರೆ ಎರಡು ತಿಂಗಳು ಸಂತಾನಕ್ಕೆ ಉಪಯೋಗವಿಲ್ಲದಂತಾಗಬಹುದು. ನೆಲದೊಳಗೆ ತಂಪಾದ ಬಿಲದಂತಹ ಕೋಣೆ ತೋಡಿಕೊಡುವ ತಾಳ್ಮೆಯಿದ್ದವರು ಮಾತ್ರ ಅದಕ್ಕೆ ಕೈಹಾಕಲಿ. ಪಾರಿವಾಳವಾದರೆ ಒಣಸೀಮೆಯ ಹಳೆಯ ಜೊತೆಗಾರ. ಇರಾನಿನ ಇಸ್ಫಹಾನಿನಲ್ಲಿ ಸಾವಿರಾರು ಗೂಡುಗಳಿರುವ ಪಾರಿವಾಳ ಗೋಪುರಗಳನ್ನು ಮುಖ್ಯವಾಗಿ ಅದರ ಹಿಕ್ಕೆಯ ಗೊಬ್ಬರಕ್ಕೆಂದೇ ಕಟ್ಟಿದ್ದರು. ಹೊರಗೆ ಹಾರಿ ತಾನೇ ಮೇವು ಹುಡುಕುವ ಹಕ್ಕಿಯಾದ್ದರಿಂದ ಅದರ ಖರ್ಚು ಅತ್ಯಲ್ಪ. ನೆರೆಯವರ ಕಾಳಿನ ಖರ್ಚನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಕೋಳಿಯ ರೋಗಗಳಲ್ಲಿ, ರಾಣಿಖೇತ್ ಎಂದೂ ಕರೆಯುವ ಕೊಕ್ಕರೆ ರೋಗವೊಂದು ಬಂದರೆ ಹಿತ್ತಿಲು ಒಂದೇ ವಾರದಲ್ಲಿ ಬರಿದಾಗುತ್ತದೆ. ಲಸಿಕೆ ಇದೆ, ಆದರೆ ಬಹುಪಾಲು ಲಸಿಕೆಗಳು ದಾರಿಯ ಬಿಸಿಲಲ್ಲೇ ಸತ್ತುಹೋಗುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಐ-2 ಎಂಬ ಲಸಿಕೆ ಶಾಖವನ್ನು ಹೆಚ್ಚು ತಾಳಿಕೊಳ್ಳುತ್ತದೆ, ಕಣ್ಣಿಗೊಂದು ಹನಿ ಬಿಟ್ಟರೆ ಸಾಕು. ನಾಲ್ಕು ತಿಂಗಳಿಗೊಮ್ಮೆ ಮರಳಿ ಹಾಕಬೇಕು. ಅದು ಸಿಗುವ ಕಡೆ ಅದನ್ನೇ ಕೇಳಿ ಪಡೆಯಿರಿ. ಸಿಗದ ಕಡೆ ಮಾಮೂಲಿ ಲಸಿಕೆಯನ್ನು ಐಸು ತುಂಬಿದ ಡಬ್ಬಿಯಲ್ಲಿ, ಮುಂಜಾನೆಯ ಹೊತ್ತಿನಲ್ಲಷ್ಟೇ ಸಾಗಿಸಿ. ಮೇಕೆಗಳಿಗೆ ಹಿರೇಬೇನೆ ಮತ್ತು ಕರುಳುಬೇನೆಯ ಲಸಿಕೆಗಳನ್ನು ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು.

ಮಾತು ಮುಗಿಯುವ ಹೊತ್ತಿಗೆ ಸಭೆಯಿಂದ ಒಬ್ಬರು, ಇಷ್ಟೆಲ್ಲ ಮಾಡಿಯೂ ಡ್ರಮ್ಮಿನ ನೀರು ಸಾಲದೆಂದು ಲೆಕ್ಕ ಹೇಳಿದರೆ ಏನು ಮಾಡಬೇಕೆಂದು ಕೇಳಿದರು. ಚಳಿಗಾಲ ಮುಗಿದು ಬಿಸಿಲು ಏರುವ ಮೊದಲೇ ಮುದಿ ಹೇಂಟೆಗಳನ್ನೂ ಹೆಚ್ಚಿನ ಹುಂಜಗಳನ್ನೂ ಗಂಡು ಮರಿಗಳನ್ನೂ ಮಾರಿಬಿಡಬೇಕು ಎಂದೆ. ಆಗ ಅವು ದಷ್ಟಪುಷ್ಟವಾಗಿರುತ್ತವೆ, ಕೊಳ್ಳುವವರೂ ಇರುತ್ತಾರೆ. ಹತ್ತರ ಬದಲು ಆರು ಕೋಳಿ, ಎರಡರ ಬದಲು ಒಂದು ಹಾಲಿನ ಮೇಕೆ ಉಳಿದರೆ ದಿನದ ಲೆಕ್ಕ ಮೂವತ್ತರಿಂದ ಇಪ್ಪತ್ತಕ್ಕಿಳಿಯುತ್ತದೆ, ಅದೇ ಡ್ರಮ್ಮು ಹತ್ತು ದಿನ ಬರುತ್ತದೆ. ಒಂಟಿ ಮೇಕೆ ಹಗಲಿರುಳು ಅರಚುತ್ತದೆ ಎಂದು ಅವರು ಮತ್ತೆ ಹೇಳಿದರು. ಅದು ನಿಜ, ಮೇಕೆ ಒಂಟಿಯಾಗಿ ಇರಲಾರದು. ಹಾಗಿದ್ದರೆ ಎರಡು ಮೇಕೆ ಇರಲಿ, ಕೋಳಿ ನಾಲ್ಕಕ್ಕಿಳಿಯಲಿ, ಮತ್ತು ಇನ್ನೊಂದು ಡ್ರಮ್ಮಿಗೆ ನೆರಳಿನಲ್ಲಿ ಜಾಗ ಮಾಡಿ ಎಂದೆ.